ಒಂದು ಮಾರ್ಕಿನ ಹತಾರ

ಹೋದ ಫೆಬ್ರುವರಿಯಲ್ಲಿ ಯರಗಟ್ಟಿಯಿಂದ ಅಣ್ಣನ ಮಗಳ ವಾಯ್ಸ್ ಮೆಸೇಜು ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. 'ಕಾಕಾ, ಹಲಗಲಿ ಬೇಡರು ಪದ್ಯದಾಗ ಹತಾರ ಅಂದ್ರ ಆಯುಧ ಅಂತ ಬರದ್ರ ಒಂದ ಮಾರ್ಕ್ಸ್ ಪೂರ್ತಿ ಕೊಡ್ತಾರಲ್ಲ?' ನಾನು ಆಫೀಸಿನ ಲಿಫ್ಟಿನಲ್ಲಿದ್ದೆ. 'ಕೊಡ್ತಾರವ್ವಾ' ಅಂತ ಕಳಿಸಿದೆ. ಉತ್ತರ ಸರಿಯೇ ಇತ್ತು. ಆದರೂ ಏಳನೇ ಮಹಡಿ ಬರೋ ಹೊತ್ತಿಗೆ ಹುಡುಗಿಗೆ ಅರ್ಧ ಸುಳ್ಳು ಹೇಳಿದೆ ಅನ್ನಿಸತೊಡಗಿತು.

ಹಾಗನ್ನಿಸಲು ಕಾರಣ ಟೆಕ್ಸಾಸಿನ ಒಂದು ಗ್ಯಾರೇಜು.

ಅದರ ಹಿಂದಿನ ವರ್ಷ ಆಫೀಸಿನ ಕೆಲಸದ ಮೇಲೆ ಡಲ್ಲಾಸಿಗೆ ಹೋದಾಗ ಕಾಲೇಜಿನ ಗೆಳೆಯನೊಬ್ಬನ ಮನೆಯಲ್ಲಿ ಎರಡು ದಿನ ಇದ್ದೆ. ಬೈಲಹೊಂಗಲದ ಕಡೆಯವನು, ಈಗ ಅಲ್ಲಿಯ ಪ್ರಜೆ. ವರ್ಷಕ್ಕೊಮ್ಮೆ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತಾನೆ. ಅದಕ್ಕೆ ಬೇಕಾದ ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ, ತಾನೇ ಕಟ್ಟುತ್ತಾನೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಖೋಲನ್ನು ಒರೆಸಿ, ಹಳೆಯ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತುತ್ತಾನೆ. ತೂಕ ಗ್ರೇನಿನ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನು. ನಮ್ಮ ಕಡೆ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ ತೂಕಕ್ಕೆ ಒಂದು ಗ್ರೇನು. ಅದರಲ್ಲೂ ಹತ್ತರಲ್ಲೊಂದು ಭಾಗ ಆಚೀಚೆಯಾದರೆ ಇವನಿಗೆ ಸಮಾಧಾನವಿಲ್ಲ.

ಶನಿವಾರ ರೇಂಜಿಗೂ ಕರೆದುಕೊಂಡು ಹೋದ. 100 ಗಜ ದೂರದಲ್ಲಿ ಕಾಗದದ ಗುರಿ. ಒಂದೊಂದು ತೂಕದ ಐದೈದು ತೋಟಾ ಹಾರಿಸಿ, ಐದು ತೂತುಗಳು ಎಷ್ಟು ಹತ್ತಿರ ಬಿದ್ದವು ಅಂತ ಅಳೆದು, ಗುಂಡಿನ ವೇಗ ತೋರಿಸುವ ಯಂತ್ರವನ್ನು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಅವತ್ತಿನ ಹವೆಯನ್ನೂ ಬರೆಯುತ್ತಿದ್ದ. ನನಗೆ ನಗು ಬಂತು. 'ಲೇ, ಅಂಗಡ್ಯಾಗ ಡಬ್ಬಿಗಟ್ಲೆ ಸಿಗ್ತಾವಲ್ಲೋ' ಅಂದೆ. 'ಅಂಗಡೀವು ಎಲ್ಲಾರ ಬಂದೂಕಿಗೂ ಮಾಡಿದ್ದು. ಇವು ನನ್ನ ಬಂದೂಕಿಗೆ ಮಾಡಿದ್ದು' ಅಂದ, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

ಲಿಫ್ಟಿನಲ್ಲಿ ನೆನಪಾದದ್ದು ಈ ಮಾತು. ಅವತ್ತು ರಾತ್ರಿ ಹಲಗಲಿಯ ಲಾವಣಿಯನ್ನು ಹತ್ತನೇ ಕ್ಲಾಸಿನ ನಂತರ ಮೊದಲ ಸಲ, ಮಾರ್ಕಿನ ಭಯವಿಲ್ಲದೆ ಓದಿದೆ.

ಕಥೆ ಬಹಳ ಮಂದಿಗೆ ಗೊತ್ತಿರುವುದೇ. ಯರಗಟ್ಟಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಲೋಕಾಪುರದ ಕಡೆ ಹೋದರೆ ಹಲಗಲಿಯ ಸೀಮೆ. ಆಗ ಮುಧೋಳ ಸಂಸ್ಥಾನದ ಹಳ್ಳಿ. 1857ರಲ್ಲಿ ಸರ್ಕಾರ ಎಲ್ಲರ ಹತಾರ ಕಸಿದುಕೊಳ್ಳಲು ಹೊರಟಿತು. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು, ಜೀವ ಹೋದರೂ ಹತಾರ ಕೊಡುವುದಿಲ್ಲ ಅಂತ ನಿಂತರು. ನವೆಂಬರ್ ಕೊನೆಯಲ್ಲಿ ದಂಡು ಬಂತು, ಊರು ಸುಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು.

ಶಾಲೆಯಲ್ಲಿ ನಾವು ಇದಕ್ಕೆ ಬರೆಯುತ್ತಿದ್ದ ಸಾರಾಂಶ ಒಂದೇ: ದೇಶಪ್ರೇಮ. ತಪ್ಪು ಅನ್ನಲಾರೆ. ಆದರೆ ಲಾವಣಿ ಜಗಳವನ್ನು ದೇಶದಿಂದ ಶುರು ಮಾಡುವುದಿಲ್ಲ, ಹತಾರದಿಂದ ಶುರು ಮಾಡುತ್ತದೆ. ನಮ್ಮ ಕಡೆ ಹತಾರ ಅಂದರೆ ಕತ್ತಿ ಕೋವಿ ಮಾತ್ರ ಅಲ್ಲ. ಬಡಿಗ್ಯಾರ ಮನೆಯ ಉಳಿ, ಬಾಚಿ, ಗರಗಸಕ್ಕೂ ಅದೇ ಹೆಸರು. ಕೈಗೆ ಒಗ್ಗಿದ, ದಿನದ ದುಡಿಮೆಯ ಸಾಮಾನು. 'ಆಯುಧ' ಅಂತ ಬರೆದ ಕೂಡಲೇ ಈ ಅರ್ಧ ಬಿದ್ದು ಹೋಗುತ್ತದೆ.

ಆ ಕಾಲದ ನಾಡಬಂದೂಕನ್ನು ನೆನೆಸಿಕೊಳ್ಳಿ. ಅದಕ್ಕೆ ಅಂಗಡಿಯ ತೋಟಾ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಅರಿವೆ ಚಿಂದಿಯನ್ನೋ ನಾರನ್ನೋ ತುರುಕಿ, ಗುಂಡು ಇಳಿಸಿ, ಗಜದಿಂದ ಜಡಿಯಬೇಕು. ಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಹೆಚ್ಚಾದರೆ ನಳಿಗೆ ಸೀಳಿ ಹೊಡೆಯುವವನ ಕೈಯೇ ಹೋಗುತ್ತದೆ. ಕಡಿಮೆಯಾದರೆ ಗುಂಡು ಹಂದಿಯ ತೊಗಲನ್ನೂ ದಾಟುವುದಿಲ್ಲ. ತಂಪು ಹಿಡಿದರೆ ಹೊತ್ತುವುದೇ ಇಲ್ಲ. ನನ್ನ ಗೆಳೆಯ ಶನಿವಾರದ ಹವ್ಯಾಸವಾಗಿ ಮಾಡುವ ಲೆಕ್ಕವನ್ನು ಅಂಥ ಬಂದೂಕು ಹಿಡಿದವನು ಪ್ರತಿ ಈಡಿಗೂ ತಕ್ಕಡಿಯಿಲ್ಲದೆ, ಅಂಗೈಯಲ್ಲೇ ಮಾಡಬೇಕಿತ್ತು. ಅವನ ನೋಟ್‌ಬುಕ್ಕು ಅವನ ಕೈಯೊಳಗೇ ಇತ್ತು.

1857ರ ಕಾಯ್ದೆಯ ಹೆಸರಲ್ಲೇ ಇದು ಕಾಣುತ್ತದೆ. ಅದು ಆಯುಧ ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ಆಯುಧ ಮತ್ತು ಮದ್ದುಗುಂಡುಗಳ ಆಮದು, ತಯಾರಿಕೆ, ಮಾರಾಟಕ್ಕೂ ಸೇರಿದ ಕಾಯ್ದೆ. ಅಂದರೆ ಕೈಯಲ್ಲಿದ್ದ ಕೋವಿಯ ಜೊತೆಗೆ ಕೈಯೊಳಗಿನ ವಿದ್ಯೆಯೂ ಹೋಗಬೇಕಿತ್ತು.

ಈ ಕಣ್ಣಿಂದ ನೋಡಿದರೆ ಲಾವಣಿಯ ಎರಡು ಜಾಗಗಳು ಬೇರೆಯಾಗಿ ಕೇಳಿಸುತ್ತವೆ. ಮೊದಲನೆಯದು, ಊರೊಳಗಿನವರು ಹೊಡೆದ ಗುಂಡನ್ನು ಮುಂಗಾರಿನ ಸಿಡಿಲಿಗೆ ಹೋಲಿಸುವ ಜಾಗ. ಉಪಮಾಲಂಕಾರ ಅಂತ ಬರೆದು ನಾವೆಲ್ಲ ಮಾರ್ಕು ಗಿಟ್ಟಿಸಿದ್ದೇವೆ. ಸದ್ದು ಜೋರಾಗಿತ್ತು ಅನ್ನೋದಷ್ಟೇ ಅದರ ಅರ್ಥ ಅಂದುಕೊಂಡಿದ್ದೆ. ಆದರೆ ಮುಂಗಾರಿನ ಸಿಡಿಲು ಒಮ್ಮೆ ಸಿಡಿದು ಸುಮ್ಮನಾಗುತ್ತದೆ, ಇನ್ನೊಂದಕ್ಕೆ ಕಾಯಬೇಕು. ಬಾಯಿಂದ ತುಂಬುವ ಬಂದೂಕೂ ಹಾಗೇ. ಎರಡು ಈಡಿನ ನಡುವೆ ಮದ್ದು ಸುರಿದು ಗಜ ಜಡಿಯುವಷ್ಟು ಹೊತ್ತು. ಎದುರಿಗೆ ಕವಾಯತು ಕಲಿತ ದಂಡು ಇದ್ದಾಗ ಆ ಹೊತ್ತಿನಲ್ಲೇ ಜನ ಸಾಯುತ್ತಾರೆ. ಲಾವಣಿಕಾರ ಇದನ್ನೆಲ್ಲ ಯೋಚಿಸಿ ಹಾಡಿದನೋ ಇಲ್ಲವೋ, ಹೋಲಿಕೆಯಂತೂ ಸರಿಯಾದ ಜಾಗಕ್ಕೇ ಬಿದ್ದಿದೆ.

ಎರಡನೆಯದು, ಲೂಟಿಯ ಪಟ್ಟಿ. ದಂಡಿನವರು ಏನೇನು ಒಯ್ದರು ಅಂತ ಹೇಳುವಾಗ ಹಾಡು ಕೊಡಲಿ, ಕುಡ, ಕಬ್ಬಿಣದಿಂದ ಹಿಡಿದು ಹಾಲು ಬೆಣ್ಣೆ, ಉಪ್ಪು ಎಣ್ಣೆ, ತಾಟು ತಂಬಿಗೆ, ಮಂಗಳಸೂತ್ರ, ಬೀಸುಕಲ್ಲಿನವರೆಗೆ ಬರುತ್ತದೆ. ಓದುಗನಾಗಿ ನನ್ನನ್ನು ಅಲ್ಲಾಡಿಸಿದ್ದು ಇದು. ಶುರುವಿನಲ್ಲಿ ಕೇಳಿದ್ದು ಹತಾರ. ಕೊನೆಗೆ ಹೋದದ್ದೂ ಹತಾರವೇ, ಆದರೆ ಆ ಮಾತಿನ ಪೂರ್ತಿ ಅರ್ಥದಲ್ಲಿ. ಹೊಲದ್ದು, ಅಡಿಗೆಮನೆಯದು, ಎಲ್ಲ. ಬೀಸುಕಲ್ಲು ಒಯ್ದ ಮೇಲೆ ಆ ಊರು ಏನು ತಿನ್ನಬೇಕು? ಯಾವ ಭಾಷಣವೂ ಇಲ್ಲದೆ ಕಾಯ್ದೆಯ ನಿಜವಾದ ಅಗಲವನ್ನು ಹಾಡು ಹೀಗೆ ತೋರಿಸುತ್ತದೆ.

ಹಾಡಿನ ಕೊರತೆಯನ್ನೂ ಹೇಳಬೇಕು. ಮದ್ದು ಅರೆದವರು ಯಾರು, ಗುಂಡು ಎರೆದವರು ಯಾರು, ಪೆಟ್ಲುಪ್ಪು ಎಲ್ಲಿಂದ ಬಂತು, ಇದು ಯಾವುದೂ ಅದರಲ್ಲಿಲ್ಲ. ಹೊಡೆದವನಿಗೆ ಹೆಸರಿದೆ, ತುಂಬಿಕೊಟ್ಟವನಿಗೆ ಇಲ್ಲ. ನಮ್ಮ ವೀರಗಾಥೆಗಳ ಹಳೆಯ ಚಾಳಿ ಇದು. ನಮ್ಮ ಬೇಟೆ ಸಾಹಿತ್ಯದ್ದೂ ಹೌದು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ನಾವೆಲ್ಲ ಊಟ ಬಿಟ್ಟು ಓದಿದವರು. ಆಂಡರ್ಸನ್ ಕೈಯಲ್ಲಿ ಕಾರ್ಖಾನೆಯ ತೋಟಾ ನುಂಗುವ ಪಾಯಿಂಟ್ 405 ವಿಂಚೆಸ್ಟರ್. ಹಳ್ಳಿಯವನ ನಾಡಬಂದೂಕು ಆ ಲೋಕದಲ್ಲಿ ಹೆಚ್ಚಾಗಿ ಹುಲಿಯ ಮೈಮೇಲಿನ ಹಳೇ ಗಾಯವಾಗಿ ಕಾಣಿಸಿಕೊಳ್ಳುತ್ತದೆ. ಆ ಗಾಯಗಳು ಸುಳ್ಳಲ್ಲ. ಆದರೆ ಗಾಯದ ಆಚೆ ಇರುವ ಮನುಷ್ಯನನ್ನು ನೋಡಲು ಲಾವಣಿಯ ಹತ್ತಿರವೇ ಹೋಗಬೇಕು.

ಇನ್ನೆರಡು ಸಂಗತಿ. ಈ ಲಾವಣಿಯನ್ನು ಸಂಗ್ರಹಿಸಿ, 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ ಅಧಿಕಾರಿ. ಕೋವಿ ಒಯ್ದ ಸರ್ಕಾರದ ಮನುಷ್ಯನೇ ಹಾಡನ್ನು ಉಳಿಸಿಕೊಟ್ಟ. ಹಾಗೆಯೇ, ಹಲಗಲಿಯನ್ನು ಸುಟ್ಟ ಆ ಕಾಯ್ದೆಯಿಂದ 1861ರಲ್ಲಿ ಕೊಡವರಿಗೆ ವಿನಾಯಿತಿ ಸಿಕ್ಕಿತು. ಲೈಸೆನ್ಸಿನ ವಿನಾಯಿತಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇವತ್ತಿಗೂ ಇದೆ. ಈಗಿನ ಆದೇಶದ ಅವಧಿ 2029ರವರೆಗೆ. ಅಲ್ಲಿ ಕೈಲ್‌ಪೋದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡಗಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಂದೇ ಕಾಯ್ದೆ ಒಂದು ಕಡೆ ಹಬ್ಬವನ್ನು ಉಳಿಸಿತು, ಇನ್ನೊಂದು ಕಡೆ ಪಠ್ಯಪುಸ್ತಕದ ಪದ್ಯವನ್ನಷ್ಟೇ ಉಳಿಸಿತು ಅನ್ನೋದು ನಿಜ.

ಹಾಗಂತ ಹಳೇ ದಿನ ಮರಳಲಿ ಅಂತಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿದ್ದು ಸರಿ. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ, ಅದೂ ಸರಿ. ನನ್ನ ತಕರಾರು ಓದಿನ ಬಗ್ಗೆ. ಗೆಳೆಯನ ಗ್ಯಾರೇಜಿನಲ್ಲಿ ನಾವು ಕುಶಲತೆ ಅಂತ ಕರೆಯುವುದನ್ನು ಹಲಗಲಿಯಲ್ಲಿ ಬರೀ ರೋಷ ಅಂತ ಓದುತ್ತೇವೆ. ಒಂದು ವಿದ್ಯೆ ಹಣವಿದ್ದವನ ಕೈಯಲ್ಲಿದ್ದರೆ ಹವ್ಯಾಸ, ಬೇಡರ ಕೈಯಲ್ಲಿದ್ದರೆ ದಂಗೆ.

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಹುಡುಗಿಯ ಪರೀಕ್ಷೆ ಮುಗಿದಿತ್ತು. ಮನೆಯಲ್ಲಿ ಹೊಸ ಬಾಗಿಲ ಚೌಕಟ್ಟು ಕೂರಿಸುವ ಕೆಲಸ ನಡೆದಿತ್ತು. ಸಂಜೆ ಬಡಿಗ್ಯಾರ ಅಜ್ಜ ಕೆಲಸ ಮುಗಿಸಿ, ಉಳಿ ಬಾಚಿಗಳನ್ನು ಒರೆಸುತ್ತಾ ಅವಳನ್ನು ಕೂಗಿದ: 'ತಂಗೀ, ನನ್ನ ಹತಾರಚೀಲ ಇತ್ತಾಗ ಕೊಡವಾ.' ಚೀಲ ಕೈಗೆತ್ತಿಕೊಂಡವಳು ಒಂದು ಕ್ಷಣ ನಿಂತು ನನ್ನ ಕಡೆ ನೋಡಿದಳು.

'ಕಾಕಾ, ನಾ ಆಯುಧ ಅಂತ ಬರದೇನಲ್ಲ?'

'ಮಾರ್ಕ್ಸ್ ಬರ್ತಾವ ಬಿಡವಾ' ಅಂದೆ. 'ಮೊದಲ ಅಜ್ಜಗ ಚೀಲ ಕೊಡು.'