‘ಜೀವಂತ ಪ್ರಯೋಗಶಾಲೆ’: ಒಂದು ಶಬ್ದವಿಮರ್ಶೆ

ಆರೋಗ್ಯ, ನೈರ್ಮಲ್ಯ, ಗೃಹರಚನೆ ಮೊದಲಾದ ವಿಷಯಗಳನ್ನು ಕುರಿತ ಈಚಿನ ಬರೆಹಗಳಲ್ಲಿ ‘ಜೀವಂತ ಪ್ರಯೋಗಶಾಲೆ’ ಎಂಬ ಹೊಸ ಮಾತೊಂದು ತಲೆದೋರುತ್ತಿದೆ. ಇದು ‘ಲಿವಿಂಗ್ ಲ್ಯಾಬ್’ ಎಂಬ ಪಾಶ್ಚಾತ್ಯಸಂಜ್ಞೆಯ ಅನುವಾದವೆಂಬುದು ಸ್ಪಷ್ಟವೇ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಾಸ್ತುವಿದ್ವಾಂಸ ವಿಲಿಯಂ ಮಿಚೆಲ್ಲನ ಹೆಸರಿನೊಡನೆ ಈ ಸಂಜ್ಞೆಯು ಸಾಮಾನ್ಯವಾಗಿ ಸೇರಿ ಬರುತ್ತದೆ. 2006ರಲ್ಲಿ ಯೂರೋಪಿನಲ್ಲಿ ಇಂತಹ ಶಾಲೆಗಳ ಜಾಲವೇ ಏರ್ಪಟ್ಟಿತು. ಜನರು ವಾಸಿಸುವ ಮನೆ, ಬೀದಿ, ಆಸ್ಪತ್ರೆಗಳಲ್ಲಿಯೇ ಹೊಸ ಏರ್ಪಾಟನ್ನು ಒರೆಗೆ ಹಚ್ಚುವುದು, ಅದನ್ನು ಬಳಸುವವರನ್ನು ಪರೀಕ್ಷೆಯ ವಸ್ತುಗಳೆಂದು ಭಾವಿಸದೆ ಅದರ ನಿರ್ಮಾಣದಲ್ಲಿ ಸಹಕರ್ತೃಗಳನ್ನಾಗಿ ಮಾಡಿಕೊಳ್ಳುವುದು, ಇವೆರಡು ಅದರ ಲಕ್ಷಣ. ಎರಡರಲ್ಲಿ ಮೊದಲನೆಯದು ಸುಲಭಸಾಧ್ಯ. ಎರಡನೆಯದನ್ನು ಎಲ್ಲರೂ ಹೇಳುವರು, ಮಾಡುವವರು ವಿರಳ. ಕನ್ನಡದ ಅನುವಾದವು ಈ ಎರಡನೆಯ ಲಕ್ಷಣವನ್ನು ಹೊರಬಲ್ಲುದೇ ಎಂಬುದೇ ಪ್ರಕೃತ ವಿಚಾರ.

‘ಪ್ರಯೋಗಶಾಲೆ’ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ನಾಲ್ಕು ಗೋಡೆಗಳ ಕೋಣೆ, ಗಾಜಿನ ಪಾತ್ರೆಗಳು. ಪಾಠಶಾಲೆ, ಗೋಶಾಲೆ, ಯಜ್ಞಶಾಲೆ, ಎಲ್ಲಿಯೂ ಶಾಲೆಯೆಂದರೆ ಆವೃತವಾದ ಸ್ಥಳ; ಹೊರಗಿನದು ಒಳಕ್ಕೆ ಬರಬೇಕು. ಇಲ್ಲಿಯಾದರೋ ಒಳಗಿನವನು ಹೊರಕ್ಕೆ ಹೋಗಬೇಕಾಗಿದೆ. ಹೀಗಿರಲಾಗಿ ಉತ್ತರಪದವು ಅರ್ಥವನ್ನು ಹಿಂದಕ್ಕೆಳೆಯುತ್ತದೆ. ‘ಪ್ರಯೋಗ’ವೆಂಬ ಪೂರ್ವಪದವು ಮಾತ್ರ ಹಾಗಲ್ಲ. ವಸ್ತುವಿನ ಮೇಲೆ ನಡೆಸುವ ಪರೀಕ್ಷೆಯೆಂಬ ಅರ್ಥವು ಅದಕ್ಕೆ ಬಂದುದು ಈಚೆಗೆ. ಮೀಮಾಂಸಕರಿಗೆ ಪ್ರಯೋಗವೆಂದರೆ ಅನುಷ್ಠಾನ, ನಾಟ್ಯದವರಿಗೆ ಅಭಿನಯ, ವೈಯಾಕರಣರಿಗೆ ಜನರು ಶಬ್ದವನ್ನು ಬಳಸುವ ಕ್ರಿಯೆ. ಶಾಕುಂತಲದ ಪ್ರಸ್ತಾವನೆಯಲ್ಲಿ ಸೂತ್ರಧಾರನು ತನ್ನ ಪ್ರಯೋಗವಿಜ್ಞಾನವನ್ನು ತಾನೇ ಮೆಚ್ಚಿಕೊಳ್ಳಲೊಲ್ಲನು. ವಿದ್ವಾಂಸರಾದ ಪ್ರೇಕ್ಷಕರ ತೃಪ್ತಿಯನ್ನೇ ಅದರ ಪ್ರಮಾಣವಾಗಿಡುವನು.

ವ್ಯಾಕರಣದ ಮಾತನ್ನು ಇನ್ನೂ ಸ್ವಲ್ಪ ವಿಸ್ತರಿಸಬೇಕು. ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಒಂದು ವಿನೋದದ ದೃಷ್ಟಾಂತವನ್ನು ಕೊಡುತ್ತಾನೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಮಾಡಿಕೊಡೆಂದು ಕೇಳುವನು. ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗಿ ಹಾಗೆ ಕೇಳುವುದಿಲ್ಲ. ಶಬ್ದವೂ ಅರ್ಥವೂ ಲೋಕದಲ್ಲಿ ಸಿದ್ಧವಾಗಿವೆ. ಶಾಸ್ತ್ರವು ಆ ಬಳಕೆಗೆ ನಿಯಮವನ್ನು ಹೇಳುವುದಷ್ಟೆ. ಅಷ್ಟರಿಂದ ಲೋಕವು ಆಡಿದುದೆಲ್ಲ ಸಾಧುವೆಂದು ಅವನು ಒಪ್ಪಿಬಿಡಲಿಲ್ಲ. ‘ಗೌಃ’ ಎಂಬ ಒಂದು ಸಾಧುಶಬ್ದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಎಂಬ ಅಪಭ್ರಂಶಗಳಿವೆಯೆಂದು ಎಣಿಸಿ ಕೊಡುತ್ತಾನೆ. ತಿದ್ದುವುದಕ್ಕಾಗಿಯೇ ಎಣಿಸಿದನು, ನಿಜ. ಆದರೆ ಕಿವಿಗೊಟ್ಟು ಕೇಳಿದ ಮೇಲೆ ತಿದ್ದಿದನು. ಕೇಳಿದುದನ್ನು ಬರೆದಿಟ್ಟನಾದುದರಿಂದ ಎರಡು ಸಾವಿರ ವರ್ಷಗಳ ಮೇಲೂ ಆ ರೂಪಗಳು ನಮಗೆ ತಿಳಿದಿವೆ.

ವೈದ್ಯಶಾಸ್ತ್ರಕ್ಕೂ ಈ ವಿನಯವು ಅಪರಿಚಿತವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯವೇ ಮೂಲಿಕೆಗಳ ಹೆಸರನ್ನೂ ರೂಪವನ್ನೂ ಅರಿತವರು ಆಡು, ಕುರಿ, ದನಗಳನ್ನು ಕಾಯುವವರು ಹಾಗೂ ವನವಾಸಿಗಳು ಎಂದು ಒಪ್ಪಿಕೊಳ್ಳುತ್ತದೆ. ಹೆಸರು ರೂಪಗಳ ಅರಿವು ಮಾತ್ರ ಸಾಲದು. ದೇಶ, ಕಾಲ, ವ್ಯಕ್ತಿಗಳನ್ನು ನೋಡಿ ಯೋಜಿಸಬಲ್ಲವನೇ ವೈದ್ಯನೆಂಬುದೂ ಅಲ್ಲಿಯೇ ಉಂಟು. ಕುರುಬನ ಜ್ಞಾನವೂ ವೈದ್ಯನ ಜ್ಞಾನವೂ ಒಂದೆಡೆ ಸೇರಬೇಕೆಂಬ ಈ ಮಾತಿಗಿಂತ ಹೆಚ್ಚಿನದನ್ನು ಇಂದಿನ ಸಹಕರ್ತೃತ್ವವಾದಿಗಳು ಹೇಳಿದಂತೆ ನನಗೆ ತೋರುವುದಿಲ್ಲ.

ಇನ್ನು ಕನ್ನಡಕ್ಕೆ ಬರೋಣ. ನಿತ್ಯಜೀವನದ ಪರಿಸರವನ್ನೂ ಆರೋಗ್ಯವನ್ನೂ ಒಟ್ಟಿಗೆ ಹಿಡಿದ ನಮ್ಮ ಪ್ರಾಚೀನಗ್ರಂಥವೆಂದರೆ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ ರಚಿತವಾದ ಈ ಗ್ರಂಥದಲ್ಲಿ ವಾಸ್ತು, ಅಂತರ್ಜಲವನ್ನು ಅರಸುವ ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವಿಷವೈದ್ಯ, ಶಕುನ, ಎಲ್ಲವೂ ಬರುತ್ತವೆ. ಮನೆ, ನೀರು, ಮರ, ಅಡುಗೆ, ಮದ್ದು ಇವನ್ನು ಬೇರೆಬೇರೆ ಇಲಾಖೆಗಳಿಗೆ ಹಂಚಿಬಿಟ್ಟ ನಮ್ಮ ಕಾಲದವರಿಗೆ ಈ ಏಕದೃಷ್ಟಿಯೇ ಒಂದು ಪಾಠ. ಆದರೆ ಗ್ರಂಥನಾಮವನ್ನು ಲಕ್ಷ್ಯವಿಟ್ಟು ನೋಡಬೇಕು. ಇಲ್ಲಿ ಲೋಕಕ್ಕೆ ಉಪಕಾರ ನಡೆಯುತ್ತದೆ. ಲೋಕದಿಂದ ಶಾಸ್ತ್ರಕ್ಕೆ ಉಪಕಾರವಾಯಿತೆಂಬ ಸೂಚನೆ ಹೆಸರಿನಲ್ಲಿಲ್ಲ. ಯಾವ ಮರದ ಬಳಿ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಸಿಕ್ಕೀತೆಂಬಂತಹ ಲಕ್ಷಣಗಳು ಬೃಹತ್ಸಂಹಿತೆಯಲ್ಲಿಯೂ ಇವೆ. ಇವು ಮೊದಲು ಬಾವಿ ತೋಡಿದವನ ಅನುಭವವಾಗಿದ್ದಿರಲೇಬೇಕು. ತೋಡಿ ನೀರು ಕಾಣದೆ ಹೋದವನ ಅನುಭವವೂ ಅದರ ಬೆನ್ನಿಗಿದ್ದಿರಬೇಕು. ಶಾಸ್ತ್ರವಾದ ಮೇಲೆ ಈ ಎರಡನೆಯವನು ಕಣ್ಮರೆಯಾದನು. ನಮ್ಮ ಶಾಸ್ತ್ರಸಾಹಿತ್ಯದ ಒಂದು ದೊಡ್ಡ ಕೊರತೆ ಇದೆಂದು ನಾನು ಭಾವಿಸುತ್ತೇನೆ: ಫಲಿಸಿದುದನ್ನು ಹೇಳುವುದು, ಫಲಿಸದುದನ್ನು ಹೇಳದಿರುವುದು. ಕೀರ್ತಿವರ್ಮನ ‘ಗೋವೈದ್ಯ’ಕ್ಕೂ ಮಂಗರಾಜನ ‘ಖಗೇಂದ್ರಮಣಿದರ್ಪಣ’ಕ್ಕೂ ಇದು ಸಲ್ಲುತ್ತದೆ. ಅವುಗಳ ಹಿರಿಮೆಗೆ ಇದರಿಂದ ಕುಂದಿಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ಸೀಮೆಯಲ್ಲೇ ನಡೆದ ಒಂದು ಕಾರ್ಯವನ್ನು ಪರಾಮರ್ಶಿಸುವುದು ಉಚಿತ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು, ಅರ್ಥಾತ್ ನಿಮ್ಹಾನ್ಸ್, 1970ರ ದಶಕದಲ್ಲಿ ನಗರದ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಘಟಕವೊಂದನ್ನು ತೆರೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. ಅದು ಒಂದು ಇಡೀ ಜಿಲ್ಲೆಯಲ್ಲಿ ನಡೆಯಬಲ್ಲುದೇ ಎಂಬುದನ್ನು ನೋಡುವುದಕ್ಕೆ 1985ರಲ್ಲಿ ಆರಿಸಿಕೊಂಡುದು ಬಳ್ಳಾರಿಯನ್ನು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಎಮ್ಮಿಗನೂರುಗಳೆಲ್ಲ ಆಗ ಆ ಒಂದೇ ಜಿಲ್ಲೆಯವು. 2021ರಲ್ಲಿ ಹೊಸಪೇಟೆಯೂ ಹಂಪಿಯೂ ವಿಜಯನಗರ ಜಿಲ್ಲೆಗೆ ಸೇರಿ, ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿಯಲ್ಲಿಯೇ ಉಳಿದುವು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲ. ರೋಗಿಯನ್ನು ದೂರದ ‘ಹುಚ್ಚಾಸ್ಪತ್ರೆ’ಗೆ ಒಯ್ಯುವುದಕ್ಕೆ ಬದಲಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯವೈದ್ಯನಿಗೂ, ಮನೆಮನೆಗೆ ಹೋಗುವ ಆರೋಗ್ಯಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣವನ್ನು ಕೊಟ್ಟು, ಕೆಲವೇ ಅಗತ್ಯದ ಔಷಧಗಳನ್ನು ಅಲ್ಲಿಯೇ ಒದಗಿಸಿ, ಕಠಿಣಪ್ರಸಂಗಗಳಿಗಾಗಿ ಜಿಲ್ಲಾಕೇಂದ್ರದಲ್ಲಿ ಮನೋವೈದ್ಯನನ್ನಿರಿಸಿದರು. ಉನ್ಮಾದ, ಅಪಸ್ಮಾರಗಳೆಂದು ಚರಕನು ಪ್ರತ್ಯೇಕ ಅಧ್ಯಾಯಗಳಲ್ಲಿ ವಿವರಿಸಿದ ರೋಗಗಳು ಊರಿನ ದವಾಖಾನೆಯಲ್ಲಿಯೇ ಚಿಕಿತ್ಸೆಗೆ ಬಂದುವು. 1996ರಲ್ಲಿ ಕೇಂದ್ರಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದಾಗ ‘ಬಳ್ಳಾರಿ ಮಾದರಿ’ಯೇ ಅದಕ್ಕೆ ಆಧಾರವಾಯಿತು. ಬಿಸಿಲಿಗೂ ಗಣಿಗೂ ಮಾತ್ರ ಹೆಸರಾದ ಜಿಲ್ಲೆಗೆ ಈ ಕೀರ್ತಿಯೂ ಇದೆಯೆಂಬುದನ್ನು ನಮ್ಮ ಶಾಲಾಪುಸ್ತಕಗಳು ಹೇಳಬಹುದಾಗಿತ್ತು.

ಇದನ್ನು ಜೀವಂತ ಪ್ರಯೋಗಶಾಲೆಯೆನ್ನಬಹುದೇ? ಆ ಸಂಜ್ಞೆಯೇ ಇನ್ನೂ ಪ್ರಚಾರದಲ್ಲಿಲ್ಲದ ಕಾಲದ ಕಾರ್ಯವನ್ನು ಅದರ ಲಕ್ಷಣದಿಂದ ತೂಗಿ ನ್ಯೂನವೆನ್ನುವುದು ನ್ಯಾಯವಲ್ಲ. ಆದರೂ ಲಕ್ಷಣವು ಎಲ್ಲಿಯವರೆಗೆ ಅನ್ವಯಿಸುತ್ತದೆಂದು ನೋಡುವುದರಲ್ಲಿ ದೋಷವಿಲ್ಲ. ಮೊದಲನೆಯ ಲಕ್ಷಣವು ಪೂರ್ಣವಾಗಿದೆ: ಶಾಲೆಯು ಗೋಡೆಗಳನ್ನು ಬಿಟ್ಟು ಹೊರಬಂದಿತು. ಎರಡನೆಯದು ಅರ್ಧ. ಲೋಕದ ಸ್ಥಿತಿಗೆ ಹೊಂದುವಂತೆ ಚಿಕಿತ್ಸೆಯ ಸ್ಥಳ, ಚಿಕಿತ್ಸಕ, ಔಷಧಗಳ ಪಟ್ಟಿ ಇವು ಬದಲಾದುವು. ಲೋಕದ ಮಾತಿನಿಂದ ಶಾಸ್ತ್ರದ ಮಾತು ಬದಲಾದಂತೆ ಕಾಣುವುದಿಲ್ಲ. ಶಿಕ್ಷಣವು ಬೆಂಗಳೂರಿನಿಂದ ಬಳ್ಳಾರಿಗೆ ಇಳಿದು ಬಂದಿತು. ಫಲಿತಾಂಶಗಳು ವಿದ್ವತ್ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದುವು. ನಡುವೆ, ಅಂಗಳದಲ್ಲಿ ನಿಂತ ಕಾರ್ಯಕರ್ತೆಗೂ ಒಲೆಯ ಮುಂದಿನ ಗೃಹಿಣಿಗೂ ನಡೆದ ಸಂಭಾಷಣೆಯೆಲ್ಲ ಕನ್ನಡದಲ್ಲಿ.

ಆ ಕನ್ನಡವನ್ನು ಕುರಿತು ಸಾಹಿತ್ಯೋಪಾಧ್ಯಾಯರು ವಿಚಾರಮಾಡಬೇಕು. ಗ್ರಂಥಸ್ಥಭಾಷೆಯಲ್ಲಿ ‘ಖಿನ್ನತೆ’ಯೆಂದು ಬರೆಯುತ್ತೇವೆ. ಖಿದ್ ಧಾತುವಿನಿಂದ ಬಂದ ನಿರ್ದುಷ್ಟ ಶಬ್ದ. ಆದರೆ ಎಮ್ಮಿಗನೂರಿನ ಗದ್ದೆಯಲ್ಲಿ ನಾಟಿಮಾಡುವ ಹೆಂಗಸು ‘ನನಗೆ ಖಿನ್ನತೆಯಾಗಿದೆ’ ಎನ್ನುವಳೇ? ‘ಜೀವಕ್ಕೆ ಸಮಾಧಾನವಿಲ್ಲ’ ಎನ್ನುವಳು. ‘ಎದೆ ಹಾರುತ್ತದೆ’, ‘ಮಂಕು ಕವಿದಿದೆ’, ‘ಮನಸ್ಸಿಗೆ ಹಚ್ಚಿಕೊಂಡಿದ್ದಾನೆ’, ‘ಗಾಳಿ ಸೋಕಿದೆ’ ಎನ್ನುವರು. ಈ ಐದೂ ಒಂದೇ ಅರ್ಥದವಲ್ಲ. ‘ಹಚ್ಚಿಕೊಳ್ಳು’ವಲ್ಲಿ ದುಃಖಕ್ಕೆ ಹೊರಗೊಂದು ಕಾರಣವಿದೆ, ಅದನ್ನು ಬಿಡದೆ ಹಿಡಿದವನ ಕರ್ತೃತ್ವವೂ ಇದೆ, ‘ಮಂಕು ಕವಿ’ಯುವಲ್ಲಿ ಕರ್ತೃತ್ವವು ಮಂಕಿನದು, ಮನುಷ್ಯನು ಕೇವಲ ಆಶ್ರಯ. ‘ಎದೆ ಹಾರು’ವುದು ದೇಹದ ಮಾತೋ ಮನಸ್ಸಿನ ಮಾತೋ ಎಂದು ವಿಂಗಡಿಸಲಾಗದು. ಎಲ್ಲವನ್ನೂ ಒಂದೇ ‘ಖಿನ್ನತೆ’ಯ ಕೆಳಗೆ ತಂದರೆ ಶಾಸ್ತ್ರಕ್ಕೆ ಸೌಕರ್ಯ, ಆದರೆ ರೋಗಿಯು ಹೇಳಿದುದರ ಒಂದು ಪಾಲು ಅಲ್ಲಿಯೇ ಬಿದ್ದುಹೋಗುತ್ತದೆ.

‘ಗಾಳಿ ಸೋಕಿದೆ’ಯೆಂಬುದನ್ನು ಮನ್ನಿಸುವುದು ಮೂಢನಂಬಿಕೆಗೆ ಎಡೆಗೊಟ್ಟಂತಾಗಿ, ಅಪಸ್ಮಾರದ ಮಗುವಿಗೆ ಔಷಧವು ತಡವಾಗುವುದಿಲ್ಲವೇ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಗಂಭೀರವಾದುದೇ, ತಡವಾದರೆ ತೆರಬೇಕಾದವರು ಪಂಡಿತರಲ್ಲ, ಆ ಮಗು. ಸಮಾಧಾನವನ್ನು ಪತಂಜಲಿಯಿಂದಲೇ ಪಡೆಯಬಹುದು. ಗಾವಿಯನ್ನು ಬರೆದುಕೊಂಡವನು ಗೌಃ ಎಂಬುದನ್ನು ಬಿಟ್ಟುಕೊಡಲಿಲ್ಲ. ಮಾತನ್ನು ಕೇಳಿಕೊಳ್ಳುವುದು ಬೇರೆ, ಅದು ಹೇಳುವ ಕಾರಣವನ್ನು ಒಪ್ಪುವುದು ಬೇರೆ. ‘ಗಾಳಿ’ಯೆಂದವರನ್ನು ಗದರಿಸಿದರೆ ಅವರು ಮುಂದಿನ ಸಲ ಕಾರ್ಯಕರ್ತೆಯೆದುರು ಬಾಯಿಬಿಡುವುದಿಲ್ಲ, ಮಾತ್ರೆಯೂ ಗೂಡಿನಲ್ಲಿಯೇ ಉಳಿಯುತ್ತದೆ.

ಲೋಕವು ಶಾಸ್ತ್ರದ ಮಾತನ್ನು ತಿದ್ದಬಲ್ಲುದೆಂಬುದಕ್ಕೆ ಉದಾಹರಣೆಯೂ ಇದೆ. ‘ಬುದ್ಧಿಮಾಂದ್ಯ’ವೆಂಬುದು ಹಿಂದೆ ವೈದ್ಯರೂ ಅಧ್ಯಾಪಕರೂ ನಿಃಸಂಕೋಚವಾಗಿ ಬಳಸುತ್ತಿದ್ದ ಶಬ್ದ. ಅದಕ್ಕೆ ಸಮನಾದ ಇಂಗ್ಲಿಷ್ ಪದವನ್ನು ಆ ಮಕ್ಕಳ ತಂದೆತಾಯಿಗಳೂ, ಹಾಗೆ ಕರೆಯಿಸಿಕೊಂಡವರೂ ದೇಶದೇಶಗಳಲ್ಲಿ ಪ್ರತಿಭಟಿಸಿದುದರಿಂದ ಅದು ಹಿಂದೆ ಸರಿಯಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಬೌದ್ಧಿಕ ವಿಕಲತೆಯೆಂಬ ಅರ್ಥದ ಸಂಜ್ಞೆಯನ್ನು ಅಂಗೀಕರಿಸಿತು. ಹೊಸ ಶಬ್ದವು ಕಿವಿಗೆ ಇಂಪಾಗಿಲ್ಲ. ಆದರೂ ಅನುಭವಿಸುವವರ ಉತ್ತರದಿಂದ ಹುಟ್ಟಿತೆಂಬ ಕಾರಣದಿಂದ ಇದನ್ನೇ ಆದರಿಸಬೇಕು.

ಆದುದರಿಂದ ‘ಜೀವಂತ ಪ್ರಯೋಗಶಾಲೆ’ಗೆ ಬದಲಾಗಿ ‘ಲೋಕಪ್ರಯೋಗ’ವೆಂಬ ಶಬ್ದವನ್ನು ಸೂಚಿಸುತ್ತೇನೆ. ಇದು ನಮ್ಮ ಶಾಸ್ತ್ರಪರಂಪರೆಯಲ್ಲಿ ಬೇರೂರಿದ ಮಾತು, ಶಾಲೆಯ ಗೋಡೆಗಳ ತೊಡಕು ಇದಕ್ಕಿಲ್ಲ, ಲೋಕವೇ ಕರ್ತೃವೆಂಬ ಅರ್ಥವೂ ವಿಗ್ರಹದಲ್ಲಿಯೇ ದೊರೆಯುತ್ತದೆ. ಲೋಕದ ಮೇಲೆ ಪ್ರಯೋಗವೆಂದೂ ವಿಗ್ರಹಿಸಬಹುದಲ್ಲವೇ ಎಂದರೆ, ಬಹುದು. ಆಗ ಅದಕ್ಕೆ ‘ಪರೀಕ್ಷೆ’ಯೆಂಬ ಹೆಸರೇ ಸಾಕು. ನಾಳೆ ಕಂಪ್ಲಿಯ ಕಾಲುವೆಯಂಚಿನ ಊರುಗಳಲ್ಲಿ ಸೊಳ್ಳೆ, ಕುಡಿಯುವ ನೀರು, ಮನೆಯ ಬೆಳಕು ಇವನ್ನು ಕುರಿತು ಯಾರಾದರೂ ಲೋಕಪ್ರಯೋಗವನ್ನು ಕೈಕೊಂಡರೆ, ಅವರು ಪ್ರಕಟಿಸುವ ವರದಿಯಲ್ಲಿ ಊರವರ ಮಾತಿನಿಂದ ತಿದ್ದಿದ ಅಂಶಗಳಾವುವು, ಫಲಿಸದೆ ಹೋದುವಾವುವು ಎಂಬ ಎರಡು ಪ್ರಕರಣಗಳನ್ನು ನಾನು ಮೊದಲು ಹುಡುಕುವೆನು.

ಈ ಸಂಬಂಧದಲ್ಲಿ ನಿಘಂಟುಕಾರರದೂ ಒಂದು ಕೆಲಸ ಉಳಿದಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಆಡುಮಾತಿನ ನುಡಿಗಟ್ಟುಗಳಿಗೂ ಗಾದೆಗಳಿಗೂ ಉದಾರವಾಗಿ ಎಡೆಗೊಟ್ಟಿತು. ಪರಿಷತ್ತಿನ ಎಂಟು ಸಂಪುಟಗಳ ಮಹಾನಿಘಂಟು ಮುಖ್ಯವಾಗಿ ಗ್ರಂಥಪ್ರಯೋಗ, ಶಾಸನಪ್ರಯೋಗಗಳನ್ನು ಆಶ್ರಯಿಸಿದೆ. ದೇಹಮನಸ್ಸುಗಳ ನೋವನ್ನು ಹೇಳುವ ಮಾತುಗಳನ್ನು ತಾಲ್ಲೂಕುವಾರು ಸಂಗ್ರಹಿಸಿ, ಯಾರು ಯಾವ ಸಂದರ್ಭದಲ್ಲಿ ಆಡುವರೆಂಬ ಟಿಪ್ಪಣಿಯೊಡನೆ ಆರೋಗ್ಯಕಾರ್ಯಕರ್ತರ ಕೈಗೆ ಕೊಡುವ ಒಂದು ಸಣ್ಣ ಕೋಶವನ್ನು ಕಾಲೇಜಿನ ಕನ್ನಡ ವಿಭಾಗಗಳು ಒಂದೆರಡು ವರ್ಷಗಳಲ್ಲಿ ಸಿದ್ಧಪಡಿಸಬಹುದು. ‘ಎದೆ ಹಾರು’ ಎಂಬುದರಿಂದಲೇ ಆರಂಭಿಸಬಹುದು. ಅದು ಒಂದು ತಾಲ್ಲೂಕಿನಲ್ಲಿ ಭಯವನ್ನೂ ಇನ್ನೊಂದರಲ್ಲಿ ಬರಿಯ ನಿಶ್ಶಕ್ತಿಯನ್ನೂ ಸೂಚಿಸುತ್ತಿದ್ದರೆ ವೈದ್ಯನಿಗೆ ಅದು ಮೊದಲೇ ತಿಳಿದಿರಬೇಕು.