ಕೊಡಗಿನ ‘ನೋಡತಕ್ಕ ಸ್ಥಳಗಳು’

ಕೊಡಗಿನ ಬಗ್ಗೆ ಕನ್ನಡದಲ್ಲಿ ಅತಿ ಹೆಚ್ಚು ಜನ ಓದಿರುವ ಸಾಹಿತ್ಯ ಯಾವುದು? ಪಂಜೆಯವರ ಹುತ್ತರಿ ಹಾಡಲ್ಲ, ಭಾರತೀಸುತರ ಕಾದಂಬರಿಗಳಲ್ಲ, ಕೊಡಗಿನ ಗೌರಮ್ಮನವರ ಕತೆಗಳೂ ಅಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿ ಮಾರುವ ಪ್ರವಾಸಿ ಕೈಪಿಡಿ. ಅದೇ ಪಟ್ಟಿ ಲಾಡ್ಜಿನ ಗೋಡೆಯ ಮೇಲಿದೆ, ಟ್ಯಾಕ್ಸಿ ಡ್ರೈವರನ ಬಾಯಲ್ಲಿದೆ, ಶಾಲಾ ಪ್ರವಾಸದ ಸುತ್ತೋಲೆಯಲ್ಲಿದೆ, ಈಗ ಎಲ್ಲರ ಮೊಬೈಲಿನಲ್ಲೂ ಇದೆ. ರಾಜಾಸೀಟು, ಅಬ್ಬಿ ಜಲಪಾತ, ಓಂಕಾರೇಶ್ವರ, ಗದ್ದಿಗೆ, ತಲಕಾವೇರಿ, ಇರ್ಪು, ದುಬಾರೆ, ನಿಸರ್ಗಧಾಮ, ಮಾಂದಲಪಟ್ಟಿ, ನಾಗರಹೊಳೆ. ಲಕ್ಷಾಂತರ ಜನ ಇದನ್ನು ಓದಿ, ನಂಬಿ, ಇದರ ಪ್ರಕಾರವೇ ನಡೆದು ವಾಪಸ್ಸು ಹೋಗುತ್ತಾರೆ. ಯಾವ ಕವಿಗೆ ಇಂಥ ಓದುಗರಿದ್ದಾರೆ? ಆದರೂ ನಮ್ಮ ವಿಮರ್ಶಕರು ಇದನ್ನು ಮುಟ್ಟಿಲ್ಲ. ಸಾಹಿತ್ಯದಲ್ಲೂ ಮುಟ್ಟಿಸಿಕೊಳ್ಳದ ಬರಹಗಳಿವೆ ಅಂತ ಕಾಣುತ್ತದೆ. ನಾವು ಮುಟ್ಟುತ್ತೇವೆ.

ಮೊದಲು ಇದರ ಕನ್ನಡ ನೋಡಿ. ಬೆಟ್ಟ ಹಸಿರು ಹೊದ್ದಿದೆ. ಮಂಜು ಮುಸುಕಿದೆ. ಕಾಫಿ ತೋಟ ಕಣ್ಣು ಹಾಯಿಸಿದಷ್ಟು ದೂರ ಹಬ್ಬಿದೆ. ಈ ವಾಕ್ಯಗಳಲ್ಲಿ ಕೆಲಸ ಮಾಡುವವರು ಮಂಜು, ಮಳೆ, ಬೆಟ್ಟ; ಹೆಚ್ಚೆಂದರೆ ಒಬ್ಬ ರಾಜ. ಮನುಷ್ಯರ ಕೈ ಎಲ್ಲೂ ಇಲ್ಲ. ಸ್ವಾಮಿ, ಕಾಫಿ ಅನ್ನುವುದು ತಾನಾಗಿ ಹಬ್ಬೋ ಬಳ್ಳಿ ಅಲ್ಲ. ಕಾಡು ಕಡಿದು, ಗುಂಡಿ ತೋಡಿ, ಸಸಿ ನೆಟ್ಟು, ಕಳೆ ಕಿತ್ತು, ಕಪಾತು ಮಾಡಿ, ಗೊಬ್ಬರ ಹಾಕಿ, ಮುಗಿಲೆತ್ತರದ ನೆರಳು ಮರ ಹತ್ತಿ ಕೊಂಬೆ ಸವರಿ, ಚಳಿಗಾಲ ಪೂರ್ತಿ ಹಣ್ಣು ಕೊಯ್ದು ಚೀಲ ಹೊತ್ತರೆ ಅದು ತೋಟ. ಕೊಂಬೆ ಸವರುವುದಕ್ಕೆ ಮರಗಸಿ ಅಂತಾರೆ. ಮರಗಸಿಗೆ ಹತ್ತಿ ಬಿದ್ದು ಸತ್ತವರಿದ್ದಾರೆ, ಸೊಂಟ ಮುರಿದುಕೊಂಡು ಮೂಲೆ ಹಿಡಿದವರಿದ್ದಾರೆ. ಕೈಪಿಡಿ ಇದನ್ನೆಲ್ಲ ‘ಪ್ರಕೃತಿ’ ಅನ್ನುವ ಒಂದೇ ಮಾತಿನಲ್ಲಿ ಹೂತುಹಾಕಿದೆ. ‘ಭಾರತದ ಸ್ಕಾಟ್ಲೆಂಡ್’, ‘ಕರ್ನಾಟಕದ ಕಾಶ್ಮೀರ’ ಅಂತ ಎರಡು ಬಿರುದು ಬೇರೆ. ಎರಡೂ ಬೇರೆ ಊರಿನ ಹೆಸರು. ಇಲ್ಲಿರುವ ಜನಕ್ಕೆ ಈ ನೆಲವನ್ನು ಕರೆಯಲು ಹೆಸರೇ ಇರಲಿಲ್ಲವೇನೋ ಅನ್ನುವ ಹಾಗೆ.

ಹೆಸರಿತ್ತು. ಮೈಸೂರು, ಹಾಸನದ ಬಯಲಿನ ನಮ್ಮ ಕೇರಿಗಳಿಂದ ಕೊಯ್ಲಿಗೆ ಹೋದವರು ‘ಪ್ರಕೃತಿ ಸೌಂದರ್ಯಕ್ಕೆ ಹೋಗಿದ್ದೆವು’ ಅಂತ ಹೇಳಿದ್ದನ್ನು ನಾವು ಕೇಳಿಲ್ಲ. ‘ಘಟ್ಟಕ್ಕೆ ಹೋಗವ್ರೆ’, ‘ತೋಟಕ್ಕೆ ಹೋಗವ್ರೆ’ ಅನ್ನುತ್ತಿದ್ದರು. ಹೋಗುವ ಮೊದಲು ಮೇಸ್ತ್ರಿಯಿಂದ ಮುಂಗಡ ತಿಂದಿರುತ್ತಿದ್ದರು. ಜಿಗಣೆ, ಜಡಿಮಳೆ, ಚಳಿಜ್ವರ, ರೈಟರನ ಬೈಗುಳ: ಇವು ಅವರ ಕೊಡಗಿನ ವರ್ಣನೆಗಳು. ಯಾವ ಕೈಪಿಡಿಯಲ್ಲೂ ಅಚ್ಚಾಗಿಲ್ಲ.

ಪಟ್ಟಿಯ ಮೊದಲ ಹೆಸರು ರಾಜಾಸೀಟು. ಇಡೀ ಸಾಹಿತ್ಯದ ದೃಷ್ಟಿಕೋನವನ್ನು ಬಚ್ಚಿಡದೆ ಹೇಳುವ ಹೆಸರು ಇದೊಂದೇ. ಹಾಲೇರಿ ದೊರೆಗಳು ಕುಳಿತು ಸೂರ್ಯಾಸ್ತ ನೋಡುತ್ತಿದ್ದ ಜಾಗವಂತೆ. ಇಂದು ಟಿಕೆಟ್ ಕೊಂಡು ನಾವೂ ನೀವೂ ರಾಜನ ಜಾಗದಲ್ಲಿ ನಿಂತು, ರಾಜ ನೋಡಿದ್ದನ್ನೇ, ರಾಜ ನೋಡಿದ ಹಾಗೆಯೇ ನೋಡುತ್ತೇವೆ. ಎತ್ತರದಿಂದ ನೋಡಿದರೆ ಗದ್ದೆ ಒಂದು ಹಸಿರು ಚೌಕ. ಅದರಲ್ಲಿ ಬಗ್ಗಿದ ಬೆನ್ನು ಕಾಣುವುದಿಲ್ಲ. ರಾಜನಿಗೂ ಕಂಡಿರಲಾರದು. ಕಂಡರೂ ಅದು ಅವನಿಗೆ ದೃಶ್ಯದ ಭಾಗ. ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಲಿಂಗರಾಜ ಕಟ್ಟಿಸಿದ ಅಂತ ಕೈಪಿಡಿ ಇಸವಿ ಸಮೇತ ಬರೆಯುತ್ತದೆ. ‘ಕಟ್ಟಿಸಿದ’ ಸರಿ. ಕಟ್ಟಿದವರು ಯಾರು?

ಆ ಕಾಲದ ಕೊಡಗಿನಲ್ಲಿ ಜೀತವಲ್ಲ, ಗುಲಾಮಗಿರಿಯೇ ಇತ್ತು. ಹೊಲೆಯರು, ಎರವರು ಜಮೀನಿನ ಜೊತೆಗೆ ಕೈಬದಲಾಗುತ್ತಿದ್ದರು. ಇದು ನಮ್ಮ ಸಿಟ್ಟಿನ ಮಾತಲ್ಲ. ಇಂಗ್ಲಿಷರೇ ಬರೆಸಿದ ಹಳೆಯ ಗೆಜೆಟಿಯರುಗಳಲ್ಲಿ ದಾಖಲಾಗಿದೆ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂತ ಕಾಯಿದೆ ಬಂತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಬಿಡುಗಡೆಗೂ ತೋಟಕ್ಕೂ ನಡುವೆ ಹನ್ನೊಂದೇ ವರ್ಷ. ಬಿಡುಗಡೆಯಾದ ಕೈಗಳು ಎಲ್ಲಿಗೆ ಹೋಗಬೇಕಿತ್ತು? ನೆಲ ಯಾರಿಗೂ ಕೊಟ್ಟಿರಲಿಲ್ಲ. ‘ಎರವ’ ಅನ್ನುವ ಹೆಸರು ಎರವಲು ಅನ್ನುವುದರಿಂದ ಬಂತು ಅಂತ ಹೇಳುವವರಿದ್ದಾರೆ. ಅಂದರೆ ಸಾಲವಾಗಿ ಕೊಟ್ಟು ತಗೊಳ್ಳುವ ಆಳು. ಆ ಜನ ತಮ್ಮನ್ನು ಕರೆದುಕೊಳ್ಳುವುದು ರಾವುಳ ಅಂತ. ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ.

ಪಂಜೆ ಮಂಗೇಶರಾಯರ ಮಾತು ಬಂತು. ಕೊಡಗಿನಲ್ಲಿ ಮೇಷ್ಟರಾಗಿದ್ದ ಅವರ ಹಾಡು ಈ ನಾಡಿನ ಚೆಲುವನ್ನೂ ವೀರರನ್ನೂ ಕೊಂಡಾಡುತ್ತದೆ. ಲಯದ ದೃಷ್ಟಿಯಿಂದ ನಮಗೂ ಇಷ್ಟವೇ. ಶಾಲೆಯಲ್ಲಿ ಮೇಜು ಕುಟ್ಟಿ ಹಾಡಿದ್ದೇವೆ. ಆದರೆ ಹುತ್ತರಿ ಅಂದರೆ ಹೊಸ ಬತ್ತ ಮನೆಗೆ ತರುವ ಹಬ್ಬ. ಆ ಬತ್ತಕ್ಕೆ ಕೆಸರು ತುಳಿದವರು, ನಾಟಿ ಹಾಕಿದವರು ಯಾರು ಅನ್ನುವುದು ಹಾಡಿನ ಕಣ್ಣಿಗೆ ಬೀಳಲಿಲ್ಲ. ಕವಿಗೂ ಕೈಪಿಡಿಗೂ ಇಲ್ಲಿ ಒಂದೇ ಕಣ್ಣು. ಒಬ್ಬರು ಛಂದಸ್ಸಿನಲ್ಲಿ ನೋಡಿದರು, ಇನ್ನೊಬ್ಬರು ಕಿಲೋಮೀಟರಿನಲ್ಲಿ ನೋಡುತ್ತಾರೆ. (ಇದನ್ನು ಓದಿ ಕೊಡವರ ಮೇಲೆ ದ್ವೇಷ ಅನ್ನುವವರಿಗೆ ಒಂದು ಮಾತು: ಎರಡು ಎಕರೆ ಇಟ್ಟುಕೊಂಡು ಬೆಲೆ ಬಿದ್ದಾಗ ಬ್ಯಾಂಕಿನ ಮೆಟ್ಟಿಲು ಸವೆಸುವ ಕೊಡವ ರೈತನೂ ಕೈಪಿಡಿಯಲ್ಲಿಲ್ಲ. ಅವನನ್ನು ಪೇಟ, ಪೀಚೆಕತ್ತಿ ತೊಡಿಸಿ ಬೊಂಬೆ ಮಾಡಿ ನಿಲ್ಲಿಸಿದ್ದಾರೆ.)

ದುಬಾರೆಗೆ ಬನ್ನಿ. ಕಾವೇರಿಯ ದಂಡೆಯ ಆನೆ ಶಿಬಿರ. ಒಂದು ಕಾಲಕ್ಕೆ ಮರದ ದಿಮ್ಮಿ ಎಳೆಯಲು ಆನೆಗಳನ್ನು ಪಳಗಿಸಿದರು, ಆಮೇಲೆ ದಸರೆಗೆ, ಕಾಡಾನೆ ಹಿಡಿಯುವುದಕ್ಕೆ, ಈಗ ಪ್ರವಾಸಿಗರಿಗೆ. ಪಳಗಿಸುವ ವಿದ್ಯೆ ಮಾತ್ರ ಅಂದಿನಿಂದ ಇಂದಿನವರೆಗೂ ಬಹುಪಾಲು ಜೇನುಕುರುಬರದು. ಮಾವುತ, ಕಾವಾಡಿ ಅವರು. ಆನೆಯ ಕಿವಿಯ ಹಿಂದೆ ಕಾಲಿಟ್ಟು ಮಾತಾಡುವ ಭಾಷೆ ಅವರದು. 2020ರಿಂದ ಮೈಸೂರಲ್ಲಿ ಅಂಬಾರಿ ಹೊತ್ತ ಅಭಿಮನ್ಯು ಇದೇ ಜಿಲ್ಲೆಯ ಮತ್ತಿಗೋಡು ಶಿಬಿರದ ಆನೆ. ಅವನ ತೂಕ ಎಷ್ಟು, ಏನು ತಿನ್ನುತ್ತಾನೆ ಅಂತ ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ನಮ್ಮ ಊರ ಚಿಕ್ಕ ಹುಡುಗರಿಗೂ ಆನೆಗಳ ಹೆಸರು ಬಾಯಿಪಾಠ. ಮಾವುತರ ಹೆಸರು ಎಷ್ಟು ಬರುತ್ತದೆ ಕೇಳಿ ನೋಡಿ. ಆನೆ ವಿಶ್ರಾಂತಿಗೆ ನಿಂತ ಮೇಲೆ ಮಾವುತ ಹೋಗುವ ಮನೆ ಯಾವುದು, ಅದಕ್ಕೆ ಹಕ್ಕುಪತ್ರ ಇದೆಯೋ ಇಲ್ಲವೋ ಅನ್ನುವುದು ಯಾವ ಪತ್ರಿಕೆಯ ವಿಶೇಷ ಪುರವಣಿಗೂ ಬೇಕಾಗಿಲ್ಲ.

ನಾಗರಹೊಳೆಯ ಕತೆ ಇನ್ನೂ ಕಡು. ಪಟ್ಟಿ ಇದನ್ನು ‘ಮಾನವ ಸ್ಪರ್ಶವಿಲ್ಲದ ಕಾಡು’ ಅಂತ ಹಾಡಿ ಹೊಗಳುತ್ತದೆ. ಹಾಗೆ ಮಾಡಲು ಎಷ್ಟು ಮಾನವರನ್ನು ಹೊರಕ್ಕೆ ಹಾಕಬೇಕಾಯಿತು? ಜೇನುಕುರುಬ, ಬೆಟ್ಟಕುರುಬ, ಎರವರ ಹಾಡಿಗಳಿದ್ದವು ಅಲ್ಲಿ, ದೇವರಿದ್ದವು, ಗೋರಿಗಳಿದ್ದವು. ಹೊರಬಿದ್ದವರು ಎಲ್ಲಿಗೆ ಹೋದರು? ಪಕ್ಕದ ತೋಟಗಳ ಲೈನ್ ಮನೆಗೆ. ಕಾಡು ಖಾಲಿಯಾದದ್ದೂ ತೋಟಕ್ಕೆ ಅಗ್ಗದ ಆಳು ಸಿಕ್ಕಿದ್ದೂ ಒಂದೇ ಏಟಿಗೆ. ಜೇನುಕುರುಬನಿಗೆ ಒಲೆ ಹಚ್ಚಲು ಬಿಡದ ಕಾಡಿನಲ್ಲಿ 1990ರ ದಶಕದಲ್ಲಿ ಒಂದು ದೊಡ್ಡ ಹೋಟೆಲ್ ಕಂಪನಿಗೆ ವಿಲಾಸಿ ವಸತಿಗೃಹ ನಡೆಸಲು ಜಾಗ ಕೊಟ್ಟರು. ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟು ಅದು ಕಾನೂನಿಗೆ ವಿರುದ್ಧ ಅಂದಿತು. ಬರಿಗೈ ಜನ ಗೆದ್ದ ಆ ಜಾಗವನ್ನು ಯಾವ ಗೈಡೂ ಜೀಪು ನಿಲ್ಲಿಸಿ ತೋರಿಸುವುದಿಲ್ಲ. ನಮ್ಮ ಪಟ್ಟಿ ನಾವು ಬರೆಯುವುದಾದರೆ ಅದು ಮೊದಲ ಸ್ಥಳ.

2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಆದಿವಾಸಿಗೆ ‘ಐತಿಹಾಸಿಕ ಅನ್ಯಾಯ’ ಆಗಿದೆ ಅಂತ ಸರ್ಕಾರವೇ ಆ ಕಾಯಿದೆಯಲ್ಲಿ ಬರೆದುಕೊಂಡಿತು. ಬರೆದುಕೊಂಡು ಸುಮ್ಮನೆ ಕೂತಿತು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಯ ಜೇನುಕುರುಬ ಕುಟುಂಬಗಳು, ಸುಮಾರು ಐವತ್ತು, ತಮ್ಮ ಹಿರಿಯರು ಹೂತಿರುವ ಜಾಗಕ್ಕೆ ತಾವೇ ನಡೆದು ವಾಪಸ್ಸು ಬಂದು ಬಿದಿರು, ಟಾರ್ಪಾಲಿನ ಗುಡಿಸಲು ಹಾಕಿಕೊಂಡರು. ಇಲಾಖೆ ಅಡ್ಡ ನಿಂತಿತು. ಸಫಾರಿಗೆ ದಾರಿ ಕಡಿದಾಗ ಕೆಡದ ಹುಲಿಯ ನೆಮ್ಮದಿ ಒಂದು ಟಾರ್ಪಾಲಿನಿಂದ ಹೇಗೆ ಕೆಡುತ್ತದೆ, ಬಲ್ಲವರು ತಿಳಿಸಬೇಕು.

ಲೈನ್ ಮನೆ ಅಂದೆವು. ನೋಡದವರಿಗೆ ಹೇಳಬೇಕು: ಒಂದೇ ಸೂರಿನ ಕೆಳಗೆ ಸಾಲಾಗಿ ಕೋಣೆಗಳು. ತೋಟದಲ್ಲಿ ದುಡಿದರೆ ಮನೆ, ದುಡಿಮೆ ಬಿಟ್ಟರೆ ಬೀದಿ. ಮುದುಕಾದರೂ ಅಷ್ಟೇ, ಯಜಮಾನನಿಗೆ ಎದುರು ಮಾತಾಡಿದರೂ ಅಷ್ಟೇ. ವೋಟಿನ ಚೀಟಿಗೆ, ರೇಷನ್ ಕಾರ್ಡಿಗೆ ವಿಳಾಸ ಬೇಕಲ್ಲ, ಆ ವಿಳಾಸವೂ ಯಜಮಾನನದೇ. ತೋಟದ ಕಾರ್ಮಿಕರಿಗೆ ಯೋಗ್ಯ ವಸತಿ ಕೊಡಬೇಕು ಅಂತ 1951ರಲ್ಲೇ ಕಾಯಿದೆ ಹೇಳಿತ್ತು. ಈ ಸಾಲುಮನೆ ಬಿಟ್ಟು, ಮಾಲ್ದಾರೆ ಕಡೆಯ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಕುಟುಂಬಗಳನ್ನು 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಯಂತ್ರ ತಂದು ಎತ್ತಿ ಹಾಕಿತು. ಹೆಂಗಸರು, ಮಕ್ಕಳು ಮರದ ಬುಡದಲ್ಲಿ ಚಳಿಯಲ್ಲಿ ಕೂತರು. ಅದು ಪ್ರವಾಸಿಗರ ಸುಗ್ಗಿಯ ತಿಂಗಳು. ಚಳಿ ಅವತ್ತು ಹೋಂಸ್ಟೇಗಳಲ್ಲಿ ಮಾರಾಟಕ್ಕಿತ್ತು. ಹೋರಾಟ ಜೋರಾದ ಮೇಲೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಮನೆ ಕೊಟ್ಟು ಸಾಗಿಸಿದರು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಇವರಲ್ಲಿ ನಾಲ್ಕರಲ್ಲಿ ಒಬ್ಬರು, ಹೆಚ್ಚುಕಡಿಮೆ, ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ವರ್ಗ. ಬೆಟ್ಟದ ಜಿಲ್ಲೆಯಲ್ಲಿ ನಾಲ್ಕನೇ ಒಂದು ಪಾಲು ಜನ ಕಣ್ಣಿಗೆ ಬೀಳದಂತೆ ಕೈಪಿಡಿ ಬರೆಯುವುದು ಸುಲಭದ ಕೆಲಸವಲ್ಲ. ಪ್ರತಿಭೆ ಬೇಕು.

2018ರ ಆಗಸ್ಟಿನಲ್ಲಿ ಬೆಟ್ಟಗಳೇ ಜಾರಿ ಬಂದವು. ಮಕ್ಕಂದೂರು, ಜೋಡುಪಾಲ ಕಡೆ ಮನೆ, ತೋಟ, ರಸ್ತೆ ಕೊಚ್ಚಿಹೋದವು. ಸ್ವಲ್ಪ ದಿನ ಪ್ರವಾಸಿಗರು ಬರಬೇಡಿ ಅಂದರು. ಆಮೇಲೆ ಬನ್ನಿ ಬನ್ನಿ ಅಂದರು. ಇಳಿಜಾರು ಕಡಿದು ಕಟ್ಟಡ ಎಬ್ಬಿಸಿದ್ದರ ಮಾತು ಎರಡು ಮಳೆಗಾಲ ನಡೆಯಿತು, ನಿಂತಿತು.

ಈ ಪಟ್ಟಿಯಲ್ಲಿ ಈಚೆಗೆ ಸೇರಿಕೊಳ್ಳುತ್ತಿರುವ ಒಂದು ಹೆಸರಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಕುಂಡೆ ಹಬ್ಬ. ಮೇ ತಿಂಗಳಲ್ಲಿ ದೇವರಪುರದಲ್ಲಿ ಜೇನುಕುರುಬರು, ಎರವರು ಸೇರಿ ನಡೆಸುವ ಹಬ್ಬ. ಕತೆ ಹೀಗಿದೆ: ಅಯ್ಯಪ್ಪ ದೇವರು ಇವರನ್ನು ಬೇಟೆಗೆ ಅಂತ ಕಾಡಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಭದ್ರಕಾಳಿಯನ್ನು ಕಂಡು, ಅವಳ ಹಿಂದೆ ಹೋಗಿ, ಇವರನ್ನು ನಡುಕಾಡಿನಲ್ಲಿ ಕೈಬಿಟ್ಟ. ಅವತ್ತಿನಿಂದ ವರ್ಷಕ್ಕೊಂದು ದಿನ ಇವರು ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಗಂಡಸರು ಸೀರೆ ಉಟ್ಟು, ಮುಖಕ್ಕೆ ಬಣ್ಣ ಬಳಿದು, ಡಬ್ಬ, ಸೋರೆಬುರುಡೆ ಬಡಿಯುತ್ತ ಬೀದಿಗೆ ಬರುತ್ತಾರೆ. ತೋಟಗಳಲ್ಲಿ ಅವತ್ತು ಇವರಿಗೆ ರಜೆ. ಕಾರು, ಬಸ್ಸು ಅಡ್ಡಗಟ್ಟಿ ಕಾಸು ಕೇಳುತ್ತಾರೆ. ಯಜಮಾನ ಇರಲಿ, ಪೊಲೀಸ್ ಇರಲಿ, ಬೈಗುಳ ಎಲ್ಲರಿಗೂ ಒಂದೇ.

ಈಗ ಕ್ಯಾಮೆರಾದವರು ಬರುತ್ತಿದ್ದಾರೆ. ‘ವಿಚಿತ್ರ ಹಬ್ಬ’, ‘ಬೈಯುವ ಹಬ್ಬ’ ಅಂತ ಪತ್ರಿಕೆಗಳಲ್ಲಿ ತಲೆಬರಹ. ವಿಚಿತ್ರ ಏನಿದೆ ಇದರಲ್ಲಿ? ನಂಬಿಸಿ ಕರೆದುಕೊಂಡು ಹೋಗಿ ನಡುದಾರಿಯಲ್ಲಿ ಬಿಟ್ಟವನನ್ನು ಬೈಯುವುದು ಸಹಜ. ದಾಸರು, ಪಂಡಿತರು ದೇವರನ್ನು ಹೊಗಳಿದ ಸಾಲುಗಳಿಗೆ ನಾವು ವಿಶ್ವವಿದ್ಯಾಲಯದಲ್ಲಿ ವ್ಯಾಖ್ಯಾನ ಬರೆದು ಪಾಸಾದೆವು. ದೇವರ ಮೇಲೆ ವಿಮರ್ಶೆ ಬರೆದ ಈ ಜನರ ಮಾತನ್ನು ಅಶ್ಲೀಲ ಅಂತ ಪಕ್ಕಕ್ಕಿಟ್ಟರು. ಅಯ್ಯಪ್ಪನ ಹೆಸರಿರುವ ಜಾಗದಲ್ಲಿ ಯಜಮಾನನ ಹೆಸರಿಟ್ಟು ಆ ಕತೆ ಇನ್ನೊಮ್ಮೆ ಓದಿ. ಸರ್ಕಾರದ ಹೆಸರಿಟ್ಟು ಓದಿ. ನಾಗರಹೊಳೆಯಿಂದ ದಿಡ್ಡಳ್ಳಿವರೆಗಿನ ಚರಿತ್ರೆ ಅದರಲ್ಲಿದೆ.

ನಮ್ಮ ಸಂಗಾತಿಗಳಲ್ಲೇ ಕೆಲವರು ಒಪ್ಪುವುದಿಲ್ಲ. ‘ಒಂದು ದಿನ ಬೈಯಲು ಬಿಟ್ಟು ಮುನ್ನೂರ ಅರವತ್ನಾಲ್ಕು ದಿನ ದುಡಿಸಿಕೊಳ್ಳುವ ಉಪಾಯ ಇದು, ಆವಿ ಹೋಗಲು ಇಟ್ಟ ತೂತು’ ಅನ್ನುತ್ತಾರೆ. ಇರಬಹುದು. ಕಾಸು ಹಾಕಿ ನಗುತ್ತ ಹೋಗುವ ಯಜಮಾನನ ಮುಖ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಆ ಬೈಗುಳ ಎಲ್ಲಿಂದ ಹುಟ್ಟಿತು ಅನ್ನುವುದು ಯಜಮಾನನ ಉಪಾಯಕ್ಕೆ ಸೇರಿದ್ದಲ್ಲ. ಹರಕೆ, ಭಜನೆಯಲ್ಲಿ ಮುಳುಗಿದ ನಮ್ಮ ಬಯಲಿನ ಎಷ್ಟೋ ಕೇರಿಗಳಿಗೆ ಅಷ್ಟೂ ಬಾಯಿ ಉಳಿದಿಲ್ಲ. ಇಡೀ ಪಟ್ಟಿಯಲ್ಲಿ ನೋಡಲು ಬಂದವನನ್ನು ತಿರುಗಿ ನೋಡಿ, ಗಾಡಿ ನಿಲ್ಲಿಸಿ, ಕಾಸು ಕಿತ್ತು, ಬೈದು ಕಳಿಸುವ ಸ್ಥಳ ಇದೊಂದೇ. ಇದನ್ನೂ ಟಿಕೆಟ್ ಇಟ್ಟು, ವೇದಿಕೆ ಹಾಕಿ, ಬೈಗುಳ ತೆಗೆದು, ‘ಜಾನಪದ ನೃತ್ಯ’ ಮಾಡುವ ದಿನ ದೂರವಿಲ್ಲ. ತಡೆಯಬೇಕಾದರೆ ಈಗಲೇ ತಡೆಯಬೇಕು. ಹಾಡಿಯ ಜನರ ಜೊತೆ ಕೂತು, ಅವರ ಒಪ್ಪಿಗೆ ಪಡೆದು, ಆ ಮಾತುಗಳನ್ನು ಅವರ ನುಡಿಯಲ್ಲೇ ಬರೆದಿಡಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೋರಿಕೆ. ಡಿಸೆಂಬರ್ ಬಂತು ಅಂದರೆ ನೀವು ಮಕ್ಕಳನ್ನು ಕರೆದುಕೊಂಡು ಮಡಿಕೇರಿಗೆ ಹೋಗುತ್ತೀರಿ. ನಮ್ಮ ಕೇರಿಯ ಮಕ್ಕಳೂ ಅದರಲ್ಲಿರುತ್ತಾರೆ. ವಾಪಸ್ಸು ಬಂದು ‘ನಾನು ಕಂಡ ಮಡಿಕೇರಿ’ ಅಂತ ಪ್ರಬಂಧ ಬರೆಸುತ್ತೀರಿ. ಎಲ್ಲ ಮಕ್ಕಳೂ ಬೆಟ್ಟ ಹಸಿರು ಹೊದ್ದಿದೆ ಅಂತ ಬರೆಯುತ್ತಾರೆ. ಈ ಸಲ ಬೇಡವೆನ್ನಬೇಡಿ, ರಾಜಾಸೀಟಿಗೂ ಹೋಗಿ, ಅಬ್ಬಿಗೂ ಹೋಗಿ. ಅಬ್ಬಿಗೆ ಇಳಿಯುವ ದಾರಿ ಕಾಫಿ ತೋಟದೊಳಗೇ ಇದೆ. ಅಲ್ಲಿ ಐದು ನಿಮಿಷ ನಿಲ್ಲಿ. ಬೆಳಿಗ್ಗೆ ಎಂಟರ ಹೊತ್ತಿಗೆ ರಸ್ತೆಯಲ್ಲಿ ಜೀಪಿನ ತುಂಬ ಹೆಂಗಸರನ್ನು ತುಂಬಿಕೊಂಡು ಹೋಗುತ್ತಾರಲ್ಲ, ಅದನ್ನು ತೋರಿಸಿ. ಅವರಲ್ಲಿ ಯಾರು ಬಯಲಿನವರು, ಯಾರು ಹಾಡಿಯವರು, ಯಾರು ಅಸ್ಸಾಮಿನಿಂದ ಬಂದವರು ಅಂತ ಮಕ್ಕಳೇ ಕೇಳಲಿ. ದಿನಗೂಲಿ ಎಷ್ಟು, ಮನೆ ಯಾರದು ಅಂತ ಕೇಳಲಿ. ಊರಿಗೆ ಬಂದು ತಮ್ಮ ಮನೆಯ ಅಜ್ಜಿಯನ್ನೂ ಕೇಳಲಿ, ಘಟ್ಟಕ್ಕೆ ಹೋಗಿದ್ದೆಯಾ ಅಂತ. ಬರೆದದ್ದನ್ನು ತಿದ್ದದೆ ನಮಗೆ ಕಳಿಸಿ. ಕಾಗುಣಿತ ತಪ್ಪಿದ್ದರೂ ಚಿಂತೆಯಿಲ್ಲ, ಮುಂದಿನ ಸಂಚಿಕೆಗಳಲ್ಲಿ ಹಾಗೆಯೇ ಅಚ್ಚು ಹಾಕುತ್ತೇವೆ.