ನರ ಬೆಳೆಸುವ ಪ್ರೋಟೀನು, ಕಾಯಲಾರದ ಸ್ನಾಯು

ಬೈಕಿನಿಂದ ಬಿದ್ದು ಭುಜದ ನರಗಳು ಹರಿದಾಗ ಮೊದಲು ಲೆಕ್ಕ ಹಾಕಬೇಕಾದದ್ದು ದೂರವನ್ನು. ಹರಿದ ನರತಂತು ಮತ್ತೆ ಚಿಗುರುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಕತ್ತಿನ ಬುಡದಿಂದ ಅಂಗೈಗೆ 60 ಸೆಂಟಿಮೀಟರ್ ಎಂದಿಟ್ಟುಕೊಂಡರೂ 20 ತಿಂಗಳ ಪಯಣ. ಸ್ನಾಯು ಅಷ್ಟು ದಿನ ಕಾಯುವುದಿಲ್ಲ. 12ರಿಂದ 18 ತಿಂಗಳೊಳಗೆ ಅದು ಸೊರಗಿ, ನಾರುಗಟ್ಟಿ, ನರ ಬಂದು ತಟ್ಟಿದರೂ ಓಗೊಡಲಾರದ ಸ್ಥಿತಿಗೆ ಬಂದಿರುತ್ತದೆ. ಬೆಳವಣಿಗೆಯ ಅಂಶಗಳು, ಅಂದರೆ ಗ್ರೋತ್ ಫ್ಯಾಕ್ಟರ್‌ಗಳು, ಹುಟ್ಟಿಸಿದ ಭರವಸೆಯನ್ನು ಈ ಲೆಕ್ಕಕ್ಕೆ ಒಡ್ಡಿಯೇ ತೂಗಬೇಕು.

ಈ ಅಂಶಗಳ ಪೈಕಿ ಮೊದಲನೆಯದಾದ ನರ್ವ್ ಗ್ರೋತ್ ಫ್ಯಾಕ್ಟರ್, ಅಂದರೆ ಎನ್‌ಜಿಎಫ್‌ಗಾಗಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ 1986ರಲ್ಲಿ ನೊಬೆಲ್ ಪಡೆದರು. ದೊಡ್ಡ ಶೋಧ, ಸಂದೇಹವಿಲ್ಲ. ಆದರೆ ಎನ್‌ಜಿಎಫ್ ಪೋಷಿಸುವುದು ಮುಖ್ಯವಾಗಿ ನೋವು, ಬಿಸಿಗಳ ಸುದ್ದಿ ಒಯ್ಯುವ ನರಕೋಶಗಳನ್ನು. ಸ್ನಾಯುವನ್ನು ಆಡಿಸುವ ಕೋಶಗಳಿಗೆ ಅದರಿಂದ ಹೆಚ್ಚೇನೂ ದಕ್ಕದು. ಮಧುಮೇಹದ ನರರೋಗಕ್ಕೆ ಅದನ್ನು ಚುಚ್ಚುಮದ್ದಾಗಿ ಕೊಟ್ಟ ದೊಡ್ಡ ಪ್ರಯೋಗವೂ ಸೋತಿತು, ಚುಚ್ಚಿದ ಜಾಗದ ನೋವಷ್ಟೇ ಉಳಿಯಿತು. ಅದೇ ಎನ್‌ಜಿಎಫ್ 2018ರಲ್ಲಿ ಅಮೆರಿಕದಲ್ಲಿ ಕಣ್ಣಿನ ಹನಿಯಾಗಿ ಒಪ್ಪಿಗೆ ಪಡೆಯಿತು. ಕಾರ್ನಿಯಾದಲ್ಲಿ ನರವೂ ಸರಿಯಾದದ್ದು, ದೂರವೂ ಕೂದಲೆಳೆಯಷ್ಟು.

ಚಲನೆಯ ನರಗಳಿಗೆ ನಿಜವಾಗಿ ಒಗ್ಗುವುದು ಇನ್ನೊಂದು ಬೆಳವಣಿಗೆಯ ಅಂಶವಾದ ಜಿಡಿಎನ್‌ಎಫ್. ಅದರ ಕಥೆ ಇನ್ನೂ ಸ್ವಾರಸ್ಯ. ಗಾಯದ ಬಳಿ ಅದರ ಜೀನ್ ಇಟ್ಟು ಪ್ರೋಟೀನು ಸದಾ ಸುರಿಯುವಂತೆ ಮಾಡಿದಾಗ ಇಲಿಯ ನರತಂತುಗಳು ಮುಗಿಬಿದ್ದು ಬಂದವು, ಆದರೆ ಅಲ್ಲೇ ಸುರುಳಿ ಸುತ್ತಿಕೊಂಡು ನಿಂತವು. ಸ್ನಾಯುವಿನತ್ತ ಹೆಜ್ಜೆ ಇಡಲಿಲ್ಲ. ಸಂಶೋಧಕರು ಇದಕ್ಕಿಟ್ಟ ಹೆಸರು ಮಿಠಾಯಿ ಅಂಗಡಿ ಪರಿಣಾಮ. ಗಾಯವಾದ ನರದ ತಂತುಗಳನ್ನು ಸುತ್ತಿರುವ ಶ್ವಾನ್ ಕೋಶಗಳು ಇದೇ ಅಂಶವನ್ನು ತಾವೇ ಸ್ರವಿಸಿ, ಕೆಲ ತಿಂಗಳಲ್ಲಿ ಕೈಬಿಡುತ್ತವೆ. ಆ ಹದವನ್ನು ಔಷಧಿಯಲ್ಲಿ ತರಲು ಇನ್ನೂ ಆಗಿಲ್ಲ.

ನನ್ನ ದೊಡ್ಡ ತಕರಾರು ಇಂಥ ಪ್ರಯೋಗಗಳು ನಡೆಯುವ ಇಲಿಯ ಕಾಲಿನ ಬಗ್ಗೆ. ಅಲ್ಲಿ ತೊಡೆಯ ನರದಿಂದ ಸ್ನಾಯುವಿಗೆ ಕೆಲವೇ ಸೆಂಟಿಮೀಟರ್. ಏನೂ ಕೊಡದಿದ್ದರೂ ಸಾಕಷ್ಟು ಚೇತರಿಕೆ ಕಾಣುತ್ತದೆ. ಸೂಕ್ಷ್ಮದರ್ಶಕದಡಿ ತಂತುಗಳನ್ನು ಎಣಿಸಿ ಗೆಲುವು ಸಾರುವವರು, ಸ್ನಾಯು ಎಷ್ಟು ಬಲವಾಗಿ ಎಳೆಯಿತೆಂದು ಅಳೆದಿದ್ದಾರೆಯೇ ಎಂಬುದನ್ನು ನೋಡಬೇಕು.

ಇದಕ್ಕಿಂತ ಮೆಚ್ಚುವಂಥದ್ದು ಕೆನಡಾದ ಟೆಸ್ಸಾ ಗಾರ್ಡನ್ ಬಳಗದ ದಾರಿ: ಹೊಲಿದ ನರಕ್ಕೆ 20 ಹರ್ಟ್ಸ್ ವಿದ್ಯುತ್ತನ್ನು ಒಂದು ಗಂಟೆ ಹಾಯಿಸಿ, ನರಕೋಶವೇ ತನ್ನದೇ ಬೆಳವಣಿಗೆಯ ಅಂಶವಾದ ಬಿಡಿಎನ್‌ಎಫ್ ಹೆಚ್ಚಿಸಿಕೊಳ್ಳುವಂತೆ ಮಾಡುವುದು. ತಂತುಗಳು ಹೊಲಿಗೆ ದಾಟುವುದು ಬೇಗವಾಗುತ್ತದೆ. ಮುಂದಿನ ದಾರಿಯ ವೇಗ ಮಾತ್ರ ಅದೇ. ದೂರವನ್ನೇ ಕಡಿತಗೊಳಿಸಿದ್ದು ಫ್ರಾನ್ಸಿನ ಶಸ್ತ್ರಚಿಕಿತ್ಸಕ ಓಬರ್ಲಿನ್. ಅವರು 1994ರಲ್ಲಿ ವಿವರಿಸಿದಂತೆ, ಅಂಗೈಗೆ ಹೋಗುವ ಅಲ್ನಾರ್ ನರದ ಒಂದೆಳೆಯನ್ನು ತೋಳಿನಲ್ಲೇ ಬೈಸೆಪ್ಸ್‌ನ ನರಕ್ಕೆ ಜೋಡಿಸಿದರೆ ಮೊಣಕೈ ಮತ್ತೆ ಮಡಚಬಲ್ಲದು.

ಹಾಗಾಗಿ ಏಟು ಬಿದ್ದು 3 ತಿಂಗಳಾದರೂ ಸ್ನಾಯು ಮಿಸುಕದಿದ್ದರೆ ವಿಟಮಿನ್ ಮಾತ್ರೆ ನುಂಗುತ್ತಾ ಕೂರಬೇಡಿ. ನರ ಜೋಡಿಸುವ ಶಸ್ತ್ರಚಿಕಿತ್ಸಕರನ್ನು ಕೂಡಲೇ ಕಾಣಿ.